ಒಳಬಾಗಿಲಿನ ಕಚ್ಚು

ಸೇಲಂ ಜಂಕ್ಷನ್

ಸಿಂಗಪುರದ ಆ ಹತ್ತು ದಿನಗಳ ಬಗ್ಗೆ ನನ್ನ ಡೈರಿ ಒಂದು ಹೇಳುತ್ತದೆ, ನೆನಪು ಇನ್ನೊಂದು ಹೇಳುತ್ತದೆ. ಹೊರಟ ದಿನ ಸೇಲಂ ಜಂಕ್ಷನ್ನಿನಲ್ಲಿ ಅವ್ವ ಅತ್ತಳು ಎಂದು ಡೈರಿಯಲ್ಲಿದೆ. ನನಗೆ ಕಣ್ಣಿಗೆ ಕಟ್ಟಿದಂತಿರುವುದು ಮಾತ್ರ ಬೇರೆ: ಅವ್ವ ಪ್ಲಾಟ್‌ಫಾರಮ್ಮಿನ ಮೇಲೆ ಕಾಲು ಚಾಚಿ ಕೂತು, ಗಂಟು ಬಿಚ್ಚಿ, ರಾಗಿ ಹಿಟ್ಟಿನ ಚೀಲ ಎಲ್ಲಾದರೂ ಹರಿದಿದೆಯೇ ಎಂದು ಬೆರಳಿನಲ್ಲಿ ತಡವುತ್ತ, ಪಕ್ಕದ ಗುರುತಿಲ್ಲದ ಹೆಂಗಸಿಗೆ ತಮಿಳಿನಲ್ಲಿ ಮಗಳ ವಿಷಯ ಹೇಳುತ್ತಿದ್ದಳು. ಹೀಗೆ ಹೇಳುವವಳು ಅಳುತ್ತಿರಲಿಲ್ಲ ಅನ್ನಿಸುತ್ತದೆ. ಆದರೆ ಡೈರಿ ಬರೆದದ್ದು ಅದೇ ದಿನ, ರೈಲಿನಲ್ಲಿ ಕೂತು. ನಾನು ಇದನ್ನು ಬರೆಯುತ್ತಿರುವುದು ಎರಡು ವರ್ಷದ ಮೇಲೆ. ಯಾರನ್ನು ನಂಬುವುದೋ ಓದುವವರೇ ಹೇಳಬೇಕು.

ನನ್ನ ತಂಗಿ ಲಕ್ಷ್ಮಿ ಸಿಂಗಪುರದಲ್ಲಿ, ಪ್ರಿಂಟರ್ ತಯಾರಿಸುವ ಒಂದು ದೊಡ್ಡ ಕಂಪನಿಯಲ್ಲಿ ಡಿಸೈನ್ ಇಂಜಿನಿಯರ್. ಯಂತ್ರದ ಒಳಗಿನ ವಿದ್ಯುತ್ತು, ಮಸಿ ಅವಳದ್ದಲ್ಲ. ಅದರ ಮೈ ಅವಳದ್ದು. ಪ್ಲಾಸ್ಟಿಕ್ಕಿನ ಮುಚ್ಚಳ, ತಟ್ಟೆ, ಬಾಗಿಲು ಇಂಥವು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಬಕೆಟ್ಟು, ಮಗ್ಗುಗಳ ಅಚ್ಚಿನ ನಕ್ಷೆ ಬರೆದು ಕಲಿತವಳು, ಐದು ವರ್ಷದ ಹಿಂದೆ ಅಲ್ಲಿಗೆ ಹೋದಳು. ನಡುವೆ ಒಮ್ಮೆ, ಅಪ್ಪ ತೀರಿಕೊಂಡಾಗ, ಬಂದು ಹೋಗಿದ್ದಳು.

ಅವಳು ಏನು ಮಾಡುತ್ತಾಳೆ ಎಂಬುದು ಸೇಲಂ ಹತ್ತಿರದ ನಮ್ಮೂರು ಮೇಚೇರಿಯಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ. ನಮ್ಮದು ಕುರಿ ಸಾಕಿದ ಮನೆ, ಮನೆಮಾತು ಕನ್ನಡ. ಸಂತೆಯಲ್ಲಿ ಅವ್ವನನ್ನು ಕಂಡವರೆಲ್ಲ ಕೇಳುತ್ತಿದ್ದರು. ಒಂದು ಸಲ ನಾನು ಪತ್ರಿಕೆಯಲ್ಲಿ ಬಂದ ಆ ಕಂಪನಿಯ ಜಾಹೀರಾತನ್ನು ಕತ್ತರಿಸಿ ತಂದು ಅವ್ವನಿಗೆ ತೋರಿಸಿದೆ. ಅದರಲ್ಲಿ ಪ್ರಿಂಟರಿನ ಪಕ್ಕ ಟೈ ಕಟ್ಟಿದ ಒಬ್ಬ ಮನುಷ್ಯ ನಿಂತಿದ್ದ.

"ಇವನ್ಯಾರ್ಲಾ ಮುತ್ತು?"

"ಕಂಪನಿಯ ದೊಡ್ಡ ಸಾಹೇಬ."

"ಇವನಾ ಇದ್ನ ಮಾಡಿದ್ದು?"

"ಇಲ್ಲ ಅವ್ವ. ಇವನು ಮಾರೋನು. ಮಾಡೋರು ಲಚ್ಚಿಯಂಥೋರು."

"ಮತ್ತೆ ಇವನ್ಯಾಕೆ ನಗ್ತಾವ್ನೆ?"

ನಾನು ಸೇಲಂನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುವವನು. ಮೈಸೂರಿನಲ್ಲಿ ಎಂ.ಎ. ಓದಿದವನು. ಆದರೂ ಆ ಜಾಹೀರಾತನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

ಅದೇ ವರ್ಷ ಲಕ್ಷ್ಮಿಯ ಕಾಗದ ಬಂತು. ಕಂಪನಿಯಲ್ಲಿ ಫ್ಯಾಮಿಲಿ ಡೇ ಅಂತ ಒಂದು ದಿನ ಮಾಡುತ್ತಾರಂತೆ, ಮನೆಯವರನ್ನು ಒಳಗೆ ಬಿಡುತ್ತಾರಂತೆ. ಅವ್ವನನ್ನು ಕರೆದುಕೊಂಡು ಬಾ ಅಣ್ಣ ಎಂದು ಬರೆದಿದ್ದಳು. ಅವ್ವ ಅದನ್ನು ನನ್ನ ಕೈಲಿ ಮೂರು ಸಲ ಓದಿಸಿದಳು. ಆಮೇಲೆ ಹೇಳಿದಳು, "ನಡಿ ಓಗವ. ಅವ್ಳು ಮಾಡಿದ್ನ ನಾನು ಕೈಯಾಗೆ ಮುಟ್ಬೇಕು. ಇಲ್ದಿದ್ರೆ ಇವ್ಳು ಊರ್ ಬುಟ್ಟು ಓಗಿದ್ದು ಯಾಕೆ ಅಂತ ನಂಗೆ ಸಾಯೋಗಂಟ ತಿಳಿಯಾಕಿಲ್ಲ."

ಕೈಯಲ್ಲಿ ಮುಟ್ಟಬೇಕು ಎಂದದ್ದು ಸುಮ್ಮನೆ ಅಲ್ಲ. ಅವಳ ಎಡಗಣ್ಣಿಗೆ ಪೊರೆ ಬಂದಿತ್ತು, ಬಲಗಣ್ಣು ಮಬ್ಬಾಗಿತ್ತು. ಆಪರೇಷನ್ ಎಂದರೆ ಮುಂದೆ ಹಾಕುತ್ತಲೇ ಬಂದಿದ್ದಳು.

ಮೋಡದ ಮೇಲೆ

ಮದರಾಸಿನಿಂದ ವಿಮಾನ. ಅವ್ವ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಬೆಲ್ಟು ಹಾಕಲು ಬಂದ ಗಗನಸಖಿ ಕಾಲು ಇಳಿಸಿ ಎಂದು ಸನ್ನೆ ಮಾಡಿದರೆ ಅವ್ವ ಅವಳ ಕೆನ್ನೆ ಸವರಿದಳು. ಆ ಹುಡುಗಿ ನಕ್ಕು, ಮಂಡಿಯ ಮೇಲಿಂದಲೇ ಬೆಲ್ಟು ಬಿಗಿದು ಹೋದಳು. ಆ ಬೆಲ್ಟಿನಿಂದ ಪ್ರಯೋಜನ ಇತ್ತೋ ಇಲ್ಲವೋ, ಇಬ್ಬರಿಗೂ ಸಮಾಧಾನವಾಯಿತು.

ವಿಮಾನ ಮೇಲೇರಿದ ಮೇಲೆ ಧ್ವನಿವರ್ಧಕದಲ್ಲಿ ಪೈಲಟ್ ಮಾತಾಡಿದ. ಏನಂದ ಎಂದು ಅವ್ವ ಕೇಳಿದಳು. ತನ್ನ ಹೆಸರು ಹೇಳಿದ, ಎಷ್ಟು ಎತ್ತರದಲ್ಲಿದ್ದೇವೆ ಎಂದು ಹೇಳಿದ ಅಂದೆ.

"ಎಸರು ಯೋಳಿದ್ನಾ? ಮರ್ಯಾದಸ್ತ ಬುಡು," ಎಂದು ಅವಳು ಕಣ್ಣು ಮುಚ್ಚಿದಳು. "ಮೇಟೂರ್ ಬಸ್ಸಿನ ಡ್ರೈವರು ಒಂದಿನ ಯೋಳ್ಲಿಲ್ಲ."

ಹದಿಮೂರನೆಯ ಮಹಡಿ

ಲಕ್ಷ್ಮಿ ಒಂದು ದೊಡ್ಡ ವಸತಿ ಕಟ್ಟಡದ ಹದಿಮೂರನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು. ಎದುರು ಕಟ್ಟಡದ ಪ್ರತಿ ಕಿಟಕಿಯಿಂದಲೂ ಬಿದಿರಿನ ಗಳ ಹೊರಚಾಚಿ, ಅದರ ಮೇಲೆ ಒಗೆದ ಬಟ್ಟೆ. ಸೀರೆ, ಲುಂಗಿ, ಪಂಚೆ, ಕಾರ್ಖಾನೆಯ ಅಂಗಿ. ಅವ್ವನಿಗೆ ಆ ಊರಿನಲ್ಲಿ ಮೊದಲು ಇಷ್ಟವಾದದ್ದು ಇದು. "ಯಾರ್ ಮನೇಲಿ ಯಾರವ್ರೆ ಅಂತ ನೋಡಿದ್ ತಕ್ಷಣ ಗೊತ್ತಾಗ್ತದೆ," ಅಂದಳು. ಅವಳಿಗೆ ಅಷ್ಟು ದೂರದ್ದು ಕಾಣುತ್ತಿರಲಿಲ್ಲ. ಯಾವ ಕಿಟಕಿಯಲ್ಲಿ ಏನಿದೆ ಎಂದು ನಾನು ಹೇಳಬೇಕಿತ್ತು.

ಇಷ್ಟವಾಗದ್ದು ಎಲೆಅಡಿಕೆಯ ವಿಷಯ. ಅಲ್ಲಿ ಎಲ್ಲೂ ಉಗಿಯುವಂತಿಲ್ಲ. ಲಕ್ಷ್ಮಿ ಅವಳಿಗೆ ಬಿಸ್ಕತ್ತಿನ ಒಂದು ಹಳೆಯ ಡಬ್ಬಿ ಕೊಟ್ಟಳು. ಮುಚ್ಚಳ ಗಟ್ಟಿ ಇರುವ ಆ ಡಬ್ಬಿಯನ್ನು ಅವ್ವ ಊರೆಲ್ಲ ಹೊತ್ತು ತಿರುಗಿದಳು. ಒಂದು ಸಲ ಬಸ್ಸಿನಲ್ಲಿ ಪಕ್ಕದ ಚೀನೀ ಅಜ್ಜಿಗೆ ಅದು ಬಿಸ್ಕತ್ತಿನ ಡಬ್ಬಿಯಂತೆಯೇ ಕಂಡು, ಅವಳು ತನ್ನ ಚೀಲದಿಂದ ಒಂದು ಕಿತ್ತಳೆ ತೆಗೆದು ವಿನಿಮಯಕ್ಕೆ ಚಾಚಿದಳು. ಅವ್ವ ಗಾಬರಿಯಿಂದ ಡಬ್ಬಿಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡದ್ದನ್ನು ಆ ಅಜ್ಜಿ ಜಿಪುಣತನ ಎಂದೇ ತಿಳಿದಿರಬೇಕು. ಕಿತ್ತಳೆಯನ್ನು ಮಾತ್ರ ಕೊಟ್ಟೇ ಇಳಿದಳು.

ಒಂದು ವಿಷಯ ಗಮನಕ್ಕೆ ಬಂತು. ಲಕ್ಷ್ಮಿಯ ಪಕ್ಕದ ಮನೆಯ ಮಲಯ ದಂಪತಿಗಳಿಗೂ ಅವಳು ಏನು ಕೆಲಸ ಮಾಡುತ್ತಾಳೆಂದು ಗೊತ್ತಿರಲಿಲ್ಲ. "ಆಫೀಸು" ಅಂದಿದ್ದಳಂತೆ. ಕಂಪನಿಗೆ ಸೇರುವಾಗ ಕಾಗದಕ್ಕೆ ಸಹಿ ಹಾಕಿದ್ದಾಳೆ. ಯಾವ ಯಂತ್ರದ ಯಾವ ಭಾಗ ತನ್ನದು ಎಂದು ಹೊರಗೆ ಹೇಳಬಾರದು, ಪತ್ರಿಕೆಯವರ ಜೊತೆ ಮಾತಾಡಬಾರದು. ಬೇರೆ ಕಂಪನಿಯವರು ಯಾರು ಚೆನ್ನಾಗಿ ಮಾಡುತ್ತಾರೆಂದು ತಿಳಿದು ಎಳೆದುಕೊಳ್ಳುತ್ತಾರೆ ಎಂಬ ಭಯ. ಯಾವ ಯಂತ್ರವಾದರೂ "ಕಂಪನಿ ಮಾಡಿತು" ಅಷ್ಟೇ. ಮುಖ ಬೇಕಾದಾಗ ಆ ಟೈ ಕಟ್ಟಿದವನ ಮುಖ.

"ನಿನಗೆ ಬೇಜಾರಾಗಲ್ವಾ?" ಎಂದು ಕೇಳಿದೆ.

"ಒಂದೊಂದ್ಸಲ ಆಯ್ತದೆ ಅಣ್ಣ. ಒಂದೊಂದ್ಸಲ ನಿಮ್ಮದಿ. ಎಸರಿದ್ರೆ ಎಲ್ಲೆಲ್ಲಿ ಕಾಗದ ಸಿಕ್ಕಾಕ್ಕತದೋ ಅಲ್ಲೆಲ್ಲ ನನ್ನೇ ಬೈತಾರಲ್ಲ." ನಕ್ಕಳು. ಸ್ವಲ್ಪ ಹೊತ್ತಾದ ಮೇಲೆ, "ಸೇಲಮ್ಮಲ್ಲಿ ಕಾಲ್ಗೆಜ್ಜೆ ಮಾಡೋರು ಇಲ್ವಾ. ಒಬ್ಬ ಕಂಬಿ ಎಳೀತಾನೆ, ಒಬ್ಬ ಕುಂದಣ ಇಡ್ತಾನೆ, ಒಬ್ಬಳು ಮೆರುಗು ಕೊಡ್ತಾಳೆ. ಆಕ್ಕೊಳ್ಳೋಳಿಗೆ ಅಂಗಡಿ ಎಸರು ಮಾತ್ರ ಗೊತ್ತು. ಅಂಗೇ," ಅಂದಳು.

ನಾನೂ ವಿಶ್ವವಿದ್ಯಾಲಯಕ್ಕೆ ಪ್ರಶ್ನೆಪತ್ರಿಕೆ ತಯಾರಿಸಿ ಕೊಡುವವನು. ಅದರ ಮೇಲೆ ನನ್ನ ಹೆಸರಿಲ್ಲದ್ದು ನನಗೆ ಎಂದೂ ಬೇಸರ ತಂದಿಲ್ಲ, ನಿಜ ಹೇಳಬೇಕೆಂದರೆ ಅದರಿಂದ ಕಲ್ಲೇಟು ತಪ್ಪಿದೆ. ಆದರೆ ಅವಳ ಉತ್ತರ ಬಾಯಿಪಾಠ ಮಾಡಿಟ್ಟಂತಿತ್ತು. ಅಂದೇ ಹಾಗನ್ನಿಸಿತೋ, ಆಮೇಲೆ ನಡೆದದ್ದು ತಿಳಿದು ಈಗ ಅನ್ನಿಸುತ್ತಿದೆಯೋ, ಹೇಳಲಾರೆ. ಡೈರಿಯಲ್ಲಿ ಇದರ ಬಗ್ಗೆ ಏನೂ ಇಲ್ಲ.

ಫ್ಯಾಮಿಲಿ ಡೇ, ಶನಿವಾರ

ಕಂಪನಿಯ ಕೆಳಮಹಡಿಯ ದೊಡ್ಡ ಹಜಾರದಲ್ಲಿ ಬಲೂನು ಕಟ್ಟಿದ್ದರು. ಬಾಗಿಲಲ್ಲೇ ಆಳೆತ್ತರದ ಚಿತ್ರ: ಟೈ ಕಟ್ಟಿದ ಅದೇ ಸಾಹೇಬ, ಕೈಯಲ್ಲಿ ಹೊಸ ಪ್ರಿಂಟರು. ಅವ್ವ ಹತ್ತಿರ ಹೋಗಿ ಅವನ ಮುಖವನ್ನು ಒಂದು ಕಣ್ಣಿನಿಂದ ನೋಡಿ, "ಇನ್ನೂ ನಗ್ತಾವ್ನೆ," ಅಂದಳು.

ಇಂಜಿನಿಯರುಗಳೆಲ್ಲ ಒಂದೇ ಬಣ್ಣದ ಅಂಗಿ ತೊಟ್ಟು ಬಂದವರಿಗೆ ಕಿತ್ತಳೆ ರಸ ಹಂಚುತ್ತಿದ್ದರು. ಲಕ್ಷ್ಮಿಯ ಎದೆಯ ಮೇಲಿನ ಬಿಲ್ಲೆಯಲ್ಲಿ "ಸಿಬ್ಬಂದಿ" ಎಂದಷ್ಟೇ ಇತ್ತು. ಮೇಜಿನ ಮೇಲೆ ಹೊಸ ಪ್ರಿಂಟರನ್ನು ಮುಚ್ಚಳ ತೆರೆದು ಇಟ್ಟಿದ್ದರು. ಯಾರು ಬೇಕಾದರೂ ಮುಟ್ಟಬಹುದಿತ್ತು.

"ಇದ್ರಾಗೆ ನೀ ಮಾಡಿದ್ದು ಯಾವ್ದೇ?" ಎಂದು ಅವ್ವ ಕೇಳಿದಳು.

ಲಕ್ಷ್ಮಿ ಸುತ್ತ ನೋಡಿದಳು. "ಎಲ್ಲಾನೂ ಎಲ್ಲಾರೂ ಸೇರಿ ಮಾಡಿದ್ದವ್ವಾ."

"ಎಲ್ಲಾರೂ ಸೇರಿ ಮಾಡಾಕೆ ಅದೇನು ಮದ್ವೆ ಮನೆ ಅಡಿಗೆಯಾ? ನಿಂದ್ಯಾವ್ದು ಯೋಳು."

"ಅಂಗೆಲ್ಲ ಯೋಳಂಗಿಲ್ಲ ಇಲ್ಲಿ. ಪೋದುಮ್, ಸುಮ್ಕಿರು." ಸಾಕು ಎಂಬುದನ್ನು ತಮಿಳಿನಲ್ಲಿ ಹೇಳಿದರೆ ನಮ್ಮ ಮನೆಯಲ್ಲಿ ಅದು ಕೊನೆಯ ಮಾತು.

ಅವ್ವನ ಮುಖ ಸಣ್ಣದಾಯಿತು. ಮೂರು ದಿನ ದಾರಿ ನಡೆದು ಬಂದವಳಿಗೆ ಒಂದು ಲೋಟ ಕಿತ್ತಳೆ ರಸ ಕೊಟ್ಟು ಕಳಿಸಿದಂತಾಯಿತು. ಲಕ್ಷ್ಮಿಯನ್ನು ಯಾರೋ ಕರೆದರು, ಅವಳು ನಾಲ್ಕು ಹೆಜ್ಜೆ ಆಚೆ ಹೋದಳು. ಅವ್ವ ಸುಮ್ಮನೆ ಆ ಯಂತ್ರವನ್ನು ಸವರತೊಡಗಿದಳು. ಮೇಲಿನ ಮುಚ್ಚಳ, ಅಂಚು, ಕಾಗದ ಇಡುವ ತಟ್ಟೆ. ಆಮೇಲೆ ಒಳಗೆ ಕೈ ಹಾಕಿದಳು. ಕಾಗದ ಸಿಕ್ಕಿಕೊಂಡರೆ ಎಳೆದು ತೆಗೆಯಲೆಂದು ಒಳಗೊಂದು ಸಣ್ಣ ಬಾಗಿಲಿತ್ತು, ಕೆಳಕ್ಕೆ ಜೋತುಬಿದ್ದಂತೆ, ಅಂಗೈಯಷ್ಟು ಅಗಲ. ಅದರ ಅಂಚಿನ ಮೇಲೆ ಅವಳ ಹೆಬ್ಬೆರಳು ಹೋಯಿತು, ನಿಂತಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು.

"ಲೇ ಲಚ್ಚೀ!"

ಹಜಾರವೆಲ್ಲ ತಿರುಗಿ ನೋಡಿತು.

"ಇದು ನಮ್ ಕುರಿ ಕಿವಿ ಕಣೇ! ಕೆಳ್ಗಡೆ ಎಲ್ಡು ಕಚ್ಚು, ತುದೀಲಿ ಓರೆ ಕುಯ್ತ! ನಮ್ ಅಡಯಾಳ ಕಣೇ ಇದು!"

ಅಡಯಾಳ ಎಂದರೆ ಗುರುತು. ತಮಿಳಿನಿಂದ ನಮ್ಮ ಮನೆಮಾತಿಗೆ ಬಂದದ್ದು. ಕುರಿ ಸಾಕುವವರು ಮರಿಯ ಕಿವಿಯನ್ನು ತಮ್ಮ ತಮ್ಮ ರೀತಿಯಲ್ಲಿ ಕಚ್ಚು ಹಾಕಿ ಕತ್ತರಿಸುತ್ತಾರೆ. ಹತ್ತು ಮನೆಯ ಕುರಿ ಒಂದೇ ಬಯಲಿನಲ್ಲಿ ಮೇದರೂ ಸಂಜೆ ಯಾರದ್ದು ಯಾವುದು ಎಂದು ಕಿವಿ ಹೇಳುತ್ತದೆ. ಅವ್ವ ಕತ್ತಲಲ್ಲೂ ಬೆರಳಿನಿಂದ ಓದುತ್ತಿದ್ದಳು.

ಲಕ್ಷ್ಮಿಯ ವಿಭಾಗದ ಮ್ಯಾನೇಜರ್, ಲಿಮ್ ಎಂಬ ತೆಳ್ಳನೆಯ ಐವತ್ತರ ಮನುಷ್ಯ, ನಗುತ್ತ ಬಂದರು. "ನಿಮ್ಮ ತಾಯಿ ಏನು ಹೇಳುತ್ತಿದ್ದಾರೆ?" ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು.

ಲಕ್ಷ್ಮಿಯ ಮುಖ ನೋಡಿದೆ. ಬಿಳಿಚಿಕೊಂಡಿತ್ತು.

ಇಲ್ಲಿ ನಾನು ಹೇಳಿದ್ದನ್ನು ಡೈರಿಯಲ್ಲಿ ಗೀಟು ಎಳೆದು ಅಳಿಸಿದ್ದೇನೆ. ನೆನಪಿನ ಪ್ರಕಾರ, "ಪ್ಲಾಸ್ಟಿಕ್ ಬಹಳ ನುಣುಪಾಗಿದೆ ಅನ್ನುತ್ತಿದ್ದಾರೆ," ಎಂದೆ. ಪಾಠ ಹೇಳುವವನಿಗೆ ಸುಳ್ಳು ಇಷ್ಟು ಬೇಗ ಬರಬಾರದಿತ್ತು. ಆದರೆ ನನ್ನ ಸುಳ್ಳು ಗಾಳಿಯಲ್ಲಿರುವಾಗಲೇ ಅವ್ವ, ಈ ಒಳ್ಳೆಯ ಮನುಷ್ಯನಿಗೂ ಅರ್ಥವಾಗಲಿ ಎಂದು, ತನ್ನ ಎಡಗಿವಿಯನ್ನು ಹಿಡಿದು ಎಳೆದು, ಇನ್ನೊಂದು ಕೈಯ ಎರಡು ಬೆರಳಿನಿಂದ ಕಚಕ್ ಕಚಕ್ ಎಂದು ಕತ್ತರಿಸಿ ತೋರಿಸಿ, ಆ ಒಳಬಾಗಿಲಿನ ಕಡೆ ಕೈಮಾಡಿದಳು. ಆಮೇಲೆ ಲಕ್ಷ್ಮಿಯ ಎದೆ ಮುಟ್ಟಿ, ತನ್ನ ಎದೆ ಮುಟ್ಟಿಕೊಂಡು, ಬಾಯ್ತುಂಬ ನಕ್ಕಳು.

ಲಿಮ್ ಬಗ್ಗಿ ಆ ಅಂಚಿನ ಮೇಲೆ ಬೆರಳಾಡಿಸಿದರು.

"ಲಕ್ಷ್ಮಿ, ಈ ಎರಡು ಕಚ್ಚು ಯಾತಕ್ಕೆ?"

"ವೈರ್ ಹಾಯಲು ಜಾಗ, ಸರ್. ನಕ್ಷೆಯಲ್ಲಿ ಬರೆದಿದ್ದೇನೆ."

"ಇಲ್ಲಿ ವೈರೇ ಇಲ್ಲವಲ್ಲ."

ಅವಳು ಪ್ರಿಂಟರಿನ ಮುಚ್ಚಳವನ್ನು ಮೆಲ್ಲಗೆ ಇಳಿಸಿದಳು.

"ಸೋಮವಾರ ಬೆಳಿಗ್ಗೆ ನನ್ನ ಕೋಣೆಗೆ ಬಾ," ಎಂದು ಹೇಳಿ, ಅವ್ವನಿಗೆ ತಲೆಬಾಗಿ ನಮಸ್ಕರಿಸಿ, ಅವರು ಮುಂದಿನ ಮೇಜಿಗೆ ಹೋದರು.

ಭಾನುವಾರ

ಲಕ್ಷ್ಮಿ ಮುದ್ದೆ ಮಾಡಿದಳು, ಬಡಿಸಿದಳು, ತಾನು ತಿನ್ನಲಿಲ್ಲ. ಅವ್ವ ಅವಳ ಹಿಂದೆ ಹಿಂದೆ ಅಡಿಗೆಮನೆಗೂ ಕಿಟಕಿಗೂ ತಿರುಗಿದಳು. ಹದಿಮೂರನೆಯ ಮಹಡಿಯ ಮನೆಯಲ್ಲಿ ತಿರುಗಲು ಹೆಚ್ಚು ಜಾಗ ಇರುವುದಿಲ್ಲ.

"ನಾ ಏನ್ ತಪ್ಪ್ ಮಾಡ್ದೆ ಯೋಳೆ. ನೀ ಮಾಡಿದ್ದು ಗೊತ್ತಾಯ್ತಲ್ಲ ಅಂತ ಸಂತೋಸ ಆಯ್ತು, ಕೂಗ್ದೆ."

ಕೊನೆಗೆ ಲಕ್ಷ್ಮಿ ಹೇಳಿದಳು. ಕಂಪನಿಯ ಯಂತ್ರದ ಮೇಲೆ ಯಾರೂ ತಮ್ಮದೆಂಬ ಗುರುತು ಹಾಕುವಂತಿಲ್ಲ. ಎರಡು ವರ್ಷದ ಕೆಳಗೆ ಅಚ್ಚಿನ ವಿಭಾಗದವನೊಬ್ಬ ಒಳಮೈಯಲ್ಲಿ ತನ್ನ ಹೆಸರಿನ ಎರಡಕ್ಷರ ಕೆತ್ತಿದ್ದ. ಸಿಕ್ಕಿಬಿದ್ದ. ಒಂದು ವಾರದಲ್ಲಿ ಅವನ ಮೇಜು ಖಾಲಿಯಾಗಿತ್ತು. "ನಾನಿಲ್ಲಿ ಇರೋ ಪಾಸು ಕೊಟ್ಟಿರೋದು ಕಂಪನಿ. ಕೆಲ್ಸ ಓದ್ರೆ ಪಾಸೂ ಓಯ್ತದೆ. ತಿರುಗಿ ಬಕೆಟ್ಟಿನ ಅಚ್ಚು ಬರೀಬೇಕು. ಬಕೆಟ್ ಬರೆಯೋದು ಕೇವಲ ಅಂತಲ್ಲವ್ವಾ. ಇಂಥಾದ್ದು ನಂಗೆ ಇನ್ನೆಲ್ಲೂ ಸಿಗಾಕಿಲ್ಲ."

ಅವ್ವ ನೆಲದ ಮೇಲೆ ಕೂತು ಇದನ್ನೆಲ್ಲ ಕೇಳಿದಳು. ಮಗಳ ಪರ ನಿಲ್ಲುತ್ತಾಳೆ, ಕಂಪನಿಯನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಲಕ್ಷ್ಮಿಯೂ ಹಾಗೇ ಅಂದುಕೊಂಡಿರಬೇಕು.

"ಆ ಮಿಸಿನ್ನು ಯಾರ್ದು?" ಎಂದು ಅವ್ವ ಕೇಳಿದಳು.

"ಕಂಪನೀದು."

"ಸಂಬ್ಳ ಕೊಟ್ಟು ಮಾಡ್ಸಿದ್ದು ಅವ್ರಾ?"

"ಊಂ."

"ಅಂಗಾದ್ರೆ ನೀ ಮಾಡಿದ್ದು ತಪ್ಪು ಕಣೆ." ಅವ್ವನ ದನಿ ಸಂತೆಯಲ್ಲಿ ವ್ಯಾಜ್ಯ ತೀರಿಸುವವರ ದನಿಯಾಗಿತ್ತು. "ಕಂಡೋರ ಕುರಿಗೆ ನಮ್ ಕಚ್ಚು ಆಕಿದ್ರೆ ಮೇಚೇರಿಲಿ ಏನಂತಾರೆ? ಕೂಲಿಗೆ ಮೇಯ್ಸೋನು ಒಡೇನ ಮರಿಗೆ ತನ್ ಕಚ್ಚು ಆಕ್ತಾನಾ? ಆಕಿದ್ರೆ ಬುಡ್ತಾರಾ?"

ಲಕ್ಷ್ಮಿ ಅವಳನ್ನೇ ನೋಡಿದಳು. ತಾಯಿ ಹೀಗೆ ತೀರ್ಪು ಕೊಡುತ್ತಾಳೆಂದು ಅವಳಿಗೆ ಹೊಳೆದೇ ಇರಲಿಲ್ಲ. ಬೆಳಿಗ್ಗೆಯಿಂದ ತಡೆದಿದ್ದ ಅಳು ಬಂತು.

"ಅಪ್ಪಂದು ಅಂತ ಆಕ್ದೆ ಅವ್ವಾ. ಕಚ್ಚು ಅಪ್ಪಂದು. ಅಪ್ಪ ಸತ್ ವರ್ಸಾನೇ ಆ ಬಾಗ್ಲು ಬರೀತಿದ್ದೆ. ಮಣ್ಣಿಗೆ ಬಂದು ನಾಕೇ ದಿನಕ್ಕೆ ತಿರ್ಗಾ ಓದೆ. ಅಪ್ಪಂದು ಎಲ್ಲೂ ಏನೂ ಉಳೀಲಿಲ್ಲ, ಒಂದು ಫೋಟೋನೂ ಇಲ್ಲ. ಇಷ್ಟಾದ್ರೂ ಇರ್ಲಿ ಅಂತ ಆಕ್ದೆ."

ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವ್ವ ಹಚ್ಚುವುದನ್ನು ನಿಲ್ಲಿಸಿದಳು.

"ನಿಮ್ಮಪ್ಪಂದು ಅಂತ ನಿಂಗ್ಯಾರೇ ಯೋಳಿದ್ದು?"

ನಾನು ಬಾಯಿ ಹಾಕಿದೆ. "ಅಪ್ಪಂದೇ ಅಲ್ವಾ ಅವ್ವ? ನಾನೇ ನೋಡಿದೀನಿ. ಪಟ್ಟಿಯಲ್ಲಿ ಅಪ್ಪ ಮಂಡಿ ಊರಿ ಕೂತು, ಮರಿ ಹಿಡ್ಕೊಂಡು..." ನನಗೆ ಆ ದೃಶ್ಯ ನಿಚ್ಚಳವಾಗಿತ್ತು. ಪಟ್ಟಿ ಎಂದರೆ ನಮ್ಮ ಕುರಿದೊಡ್ಡಿ. ಮುಳ್ಳಿನ ಬೇಲಿ, ಬೆಳಗಿನ ಬಿಸಿಲು, ಅಪ್ಪನ ಕೈಯಲ್ಲಿ ಬಾಗಿದ ಸಣ್ಣ ಚೂರಿ.

"ಇಡ್ಕೊಂಡಿದ್ದು ಅವ್ರೇ. ಕುಯ್ತಿದ್ದೋಳು ನಾನು. ನಿಮ್ಮಪ್ಪಂಗೆ ನೆತ್ರ ಕಂಡ್ರೆ ತಲೆ ಸುತ್ತೋದು."

ಲಕ್ಷ್ಮಿ ಕಣ್ಣೊರೆಸಿಕೊಂಡು ಅವ್ವನ ಎದುರು ಕೂತಳು.

"ಅವ್ರ ಕಚ್ಚು ಬೇರೆ. ಬಲಗಿವೀಲಿ ಒಂದು ತೂತು. ಅವ್ರ ಕುರಿ ಎಲ್ಲಾ ನೀವು ಉಟ್ಟೋಕ್ ಮುಂಚೇನೇ ಕಾಲುಬಾಯಿ ಜ್ವರ ಬಂದು ಓದವು. ಉಳಿದಿದ್ದು ನಮ್ಮವ್ವ ನಂಗೆ ಮದ್ವೇಲಿ ಒಡ್ಕೊಂಡು ಬುಟ್ಟಿದ್ದ ಅತ್ತು ಕುರಿ. ಎಲ್ಡು ಕಚ್ಚು, ಓರೆ ಕುಯ್ತ, ಅದು ನಮ್ಮವ್ವನ ಮನೇದು. ನಿಮ್ಮನ್ನ ಓದ್ಸಿದ್ದು ಆ ಕುರಿ ಮರಿಗಳು."

"ಮತ್ತೆ ಎಲ್ಲರೂ ಮಾದಪ್ಪನ ಕುರಿ ಅಂತಿದ್ದರಲ್ಲ," ಎಂದೆ. ಮಾದಪ್ಪ ಎಂದರೆ ನಮ್ಮಪ್ಪ.

"ಅಂತಿದ್ರು. ಗಂಡಸ್ರ ಎಸರಾಗೇ ತಾನೆ ಅನ್ನೋದು."

"ನೀನ್ಯಾಕೆ ಯೋಳ್ಲಿಲ್ಲ?" ಲಕ್ಷ್ಮಿ ಕೇಳಿದಳು.

"ನೀವ್ಯಾಕೆ ಕೇಳ್ಲಿಲ್ಲ?"

ಅವ್ವ ಇದನ್ನು ಆಪಾದನೆಯಂತೆ ಹೇಳಲಿಲ್ಲ, ಉಪ್ಪು ಸಾಕಾ ಎಂದು ಕೇಳಿದ ಹಾಗೆ ಕೇಳಿದಳು. ನಲವತ್ತು ವರ್ಷದ ಮಗ ನಾನು. ಹದಿನಾರನೆಯ ವಯಸ್ಸಿನಿಂದ ದಿನವೂ ಡೈರಿ ಬರೆದಿದ್ದೇನೆ. ಯಾವ ಪುಟದಲ್ಲೂ ಕುರಿ ಯಾರದ್ದು ಎಂಬ ಪ್ರಶ್ನೆ ಇಲ್ಲ. ಆ ಚೂರಿ ಅಪ್ಪನ ಕೈಯಿಂದ ಅವ್ವನ ಕೈಗೆ ನನ್ನ ತಲೆಯೊಳಗೆ ಇನ್ನೂ ಸರಿಯಾಗಿ ದಾಟಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಅಪ್ಪನೇ ಕೊಯ್ಯುತ್ತಾನೆ.

ಅವ್ವ ಎಲೆಯನ್ನು ಮಡಿಸಿ ಬಾಯಿಗೆ ಹಾಕಿಕೊಂಡಳು. "ನಾಳಿಕೆ ನಾನೂ ಬತ್ತೀನಿ. ಕಂಡೋರ ಕುರಿ ಮೇಲೆ ನಮ್ ಕಚ್ಚು ಸಿಕ್ರೆ, ಕಚ್ಚಿನ ಒಡತಿ ಓಗಿ ನಿಂತ್ಕಂಡು, ಇದು ನಂದು, ತಪ್ಪಾಯ್ತು ಅನ್ಬೇಕು. ಕಳ್ರು ಮಾತ್ರ ಬರಾಕಿಲ್ಲ."

"ಬೇಡವ್ವ. ಅಲ್ಲೆಲ್ಲ ಅಂಗಿಲ್ಲ."

"ಲೇ, ನಿನ್ ಕಂಪನಿ ನೆನ್ನೆದು. ಕುರಿ ಯಾವತ್ತಿಂದು?"

ಸೋಮವಾರ

ಒಳಗೆ ಹೋಗಲು ನಮಗೆ ದಾರ ಕಟ್ಟಿದ ಚೀಟಿ ಕೊಟ್ಟು ಕೊರಳಿಗೆ ಹಾಕಿದರು. ಅವ್ವ ಅದನ್ನು ಸೆರಗಿನ ಮೇಲೆ ಸರಿಯಾಗಿ ಜೋಡಿಸಿಕೊಂಡಳು. ಬಿಸ್ಕತ್ತಿನ ಡಬ್ಬಿಯನ್ನು ಕಾವಲುಗಾರ ತೆರೆದು ನೋಡಲು ಹೊರಟ, ನಾನು ತಡೆದೆ, ಅವನು ಅನುಮಾನದಿಂದ ತೆರೆದೇ ಬಿಟ್ಟ. ಆಮೇಲೆ ಬಹಳ ಮರ್ಯಾದೆಯಿಂದ ಮುಚ್ಚಿಕೊಟ್ಟ.

ಲಿಮ್ ಅವರ ಕೋಣೆ ಸಣ್ಣದು. ಗೋಡೆಯಲ್ಲಿ ಒಂದು ಪಟವೂ ಇರಲಿಲ್ಲ. ಮೇಜಿನ ಮೇಲೆ ಕಂಪ್ಯೂಟರು, ಒಂದು ಪ್ರಿಂಟರು, ಲಕ್ಷ್ಮಿಯ ಒಳಬಾಗಿಲಿನ ನಕ್ಷೆ. ಮೂರು ಜನ ಬಂದದ್ದು ನೋಡಿ ಅವರು ಇನ್ನೊಂದು ಕುರ್ಚಿ ತರಿಸಿದರು. ಅವ್ವ ಕೂರಲಿಲ್ಲ.

"ಒಂದ್ ಮಾತೂ ಬುಡ್ದಂಗೆ ಯೋಳ್ಲಾ ಮುತ್ತು," ಎಂದು ನನಗೆ ಹೇಳಿದಳು. "ನುಣ್ಗೈತೆ ಗಿಣ್ಗೈತೆ ಅನ್ನಬ್ಯಾಡ." ಶನಿವಾರದ ನನ್ನ ಸುಳ್ಳನ್ನು ಲಕ್ಷ್ಮಿ ಅವಳಿಗೆ ಹೇಳಿದ್ದಳು.

ಅವ್ವ ಹೇಳಿದಳು, ನಾನು ತಿಳಿಸಿದೆ. ಆ ಕಚ್ಚು ತನ್ನದು. ಮಗಳು ಅಪ್ಪನದ್ದೆಂದು ತಿಳಿದು ಹಾಕಿದ್ದಾಳೆ. ಯಾರದ್ದೇ ಆಗಲಿ, ಬೇರೆಯವರ ಸೊತ್ತಿನ ಮೇಲೆ ಹಾಕಬಾರದಿತ್ತು. ತಪ್ಪಾಯಿತು. ಯಂತ್ರದ ಮೇಲೆ ತಮಗೆ ಯಾವ ಹಕ್ಕೂ ಇಲ್ಲ. ಕಿವಿಯಾದರೆ ಬೆಳೆದುಕೊಳ್ಳುವುದಿಲ್ಲ, ಇದನ್ನು ಅಳಿಸಲು ಬರುವುದಾದರೆ ಅಳಿಸಿಬಿಡಿ.

ಲಿಮ್ ಕೇಳಿಸಿಕೊಂಡರು. ಆಮೇಲೆ ಲಕ್ಷ್ಮಿಯನ್ನು ಕೇಳಿದರು, "ನಿಜವೇ?"

"ನಿಜ, ಸರ್. ವೈರ್ ಅಂತ ಬರೆದದ್ದು ಸುಳ್ಳು. ಅದು ನನ್ನ ತಾಯಿಯ ಗುರುತು."

ತಾಯಿಯ ಗುರುತು ಎಂದು ಅವಳು ಮೊದಲ ಸಲ ಹೇಳಿದ್ದು ಆಗಲೇ.

ಲಿಮ್ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಬಹಳ ಹೊತ್ತು ಎಂದು ಡೈರಿಯಲ್ಲಿದೆ, ಅದನ್ನು ನಂಬುತ್ತೇನೆ. ಅಳಿಸುವುದು ಸುಲಭ ಎಂದರು. ಪ್ಲಾಸ್ಟಿಕ್ಕಿನಲ್ಲಿ ಕಚ್ಚು ಇರುವ ಕಡೆ ಅಚ್ಚಿನಲ್ಲಿ ಉಕ್ಕು ಉಬ್ಬಿರುತ್ತದೆ, ಆ ಉಬ್ಬನ್ನು ಉಜ್ಜಿ ತೆಗೆದರೆ ಆಯಿತು, ಅರ್ಧ ಗಂಟೆಯ ಕೆಲಸ. ಇವತ್ತೇ ತೆಗೆಸುತ್ತೇನೆ ಅಂದರು. "ಹಿಂದೆ ಒಬ್ಬ ಹೀಗೆ ಮಾಡಿದ್ದ. ಕೊನೆಯವರೆಗೂ ತಾನಲ್ಲ ಅಂದ. ನೀವು ಇಬ್ಬರೂ ಬಂದು ಹೌದು ಅಂದಿರಿ. ಅವನನ್ನು ಕಳಿಸಿದ ಹಾಗೆ ಇವಳನ್ನು ಕಳಿಸುವುದಿಲ್ಲ. ಆದರೆ ಎಚ್ಚರಿಕೆ ಪತ್ರ ಕೊಡಲೇಬೇಕು. ಅದು ಅವಳ ಕಡತದಲ್ಲಿ ಇರುತ್ತದೆ."

ಕೆಲಸ ಉಳಿಯಿತು ಎಂದು ಅವ್ವನಿಗೆ ಹೇಳಿದೆ. ಅವಳು ಆಗ ಕುರ್ಚಿಯಲ್ಲಿ ಕೂತಳು.

"ಈಗಾಗ್ಲೇ ಮಾರೋಗಿರೋವು?" ಎಂದು ಕೇಳಿದಳು.

ಹೋದವು ಹೋದವು, ದೇಶದೇಶಕ್ಕೆ ಹೋಗಿವೆ, ಹಿಂದೆ ತರಿಸಲಾಗದು ಎಂದರು ಲಿಮ್.

"ಅವೆಲ್ಲಾ ನನ್ ಕುರಿ ಅಂತ ಕೇಳಾಕಾಗಲ್ಲ ಅಲ್ವಾ?"

ನಾನು ಅದನ್ನೂ ಬಿಡದೆ ತಿಳಿಸಿದೆ. ಲಿಮ್ ಗಟ್ಟಿಯಾಗಿ ನಕ್ಕರು. ಆ ಕಟ್ಟಡದಲ್ಲಿ ನಾನು ಕೇಳಿದ ಒಂದೇ ಗಟ್ಟಿ ನಗು ಅದು. ಆಮೇಲೆ ತಾವೇ ಕೂತು ಪತ್ರ ಬೆರಳಚ್ಚು ಮಾಡಿದರು. ಪ್ರಿಂಟರು ಗುರುಗುಟ್ಟಿ ಒಂದು ಹಾಳೆಯನ್ನು ಹೊರಕ್ಕೆ ಚಾಚಿತು. ಸಹಿಗೆ ಮುಂಚೆ ಓದಿಕೊಳ್ಳಲು ಲಕ್ಷ್ಮಿಗೆ ಕೊಟ್ಟರು. ಅವ್ವ ನನಗೆ ಮೊಣಕೈ ತಿವಿದಳು. ನಾನು ಇಣುಕಿ, ಕನ್ನಡದಲ್ಲಿ ಮೆಲ್ಲಗೆ ಓದಿ ಹೇಳಿದೆ: ಉದ್ಯೋಗಿ ಎಂ. ಲಕ್ಷ್ಮಿ, ತಾನು ವಿನ್ಯಾಸ ಮಾಡಿದ ಒಳಬಾಗಿಲಿನ ಮೇಲೆ, ಅನುಮತಿಯಿಲ್ಲದೆ, ತನ್ನ ತಾಯಿಗೆ ಸೇರಿದ ಗುರುತನ್ನು ಹಾಕಿರುತ್ತಾಳೆ...

"ಇವ್ಳು ಮಾಡಿದ್ದು ಅಂತ ಬರ್ದವ್ನಾ?"

"ಬರೆದಿದಾರೆ."

"ಕಂಪನಿ ಪೇಪರ್ನಾಗೆ?"

"ಹೌದವ್ವ."

ಅವ್ವ ಹಾಳೆಯನ್ನು ಕೈಗೆ ತೆಗೆದುಕೊಂಡು ಅದು ಯಾವ ಕಡೆ ಮೇಲು ಎಂದು ನೋಡದೆ ಎರಡೂ ಅಂಗೈಯಲ್ಲಿ ಹಿಡಿದಳು. ಆಮೇಲೆ ಏನೋ ಹೊಳೆದಂತೆ ತಲೆಯೆತ್ತಿದಳು. "ತಾಯಿ ಅಂದ್ರೆ ಯಾವ್ ತಾಯಿ? ಎಸರಿಲ್ವಾ?"

ಕಡತಕ್ಕೆ ಅದು ಬೇಕಿಲ್ಲ ಎಂದರು ಲಿಮ್.

"ಹಾಕಿ ಸರ್," ಎಂದಳು ಲಕ್ಷ್ಮಿ. "ದಯವಿಟ್ಟು."

ಅವರು ಒಂದು ಕ್ಷಣ ಅವಳನ್ನು ನೋಡಿ, ಕೀಲಿಮಣೆಯ ಮೇಲೆ ಕೈಯಿಟ್ಟು, "ಹೆಸರು?" ಎಂದರು.

ನಮ್ಮ ಕಡೆ ಮಕ್ಕಳು ಹೆತ್ತವಳ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಶಾಲೆಯಲ್ಲಿ ಕೇಳಿದಾಗಲೂ ಅಪ್ಪನ ಹೆಸರಿನಲ್ಲೇ ಕೆಲಸ ಮುಗಿದಿತ್ತು. ಲಕ್ಷ್ಮಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅವಳು ಸೆಟೆದು ನಿಂತು, ಮಗ್ಗಿ ಒಪ್ಪಿಸುವವಳ ಹಾಗೆ ಹೇಳಿದಳು.

"ಕೆಂಪಮ್ಮ."

ಲಿಮ್ ನಿಧಾನವಾಗಿ ಒಂದೊಂದೇ ಕೀಲಿ ಒತ್ತಿದರು. ಅವ್ವ ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಡೈರಿಯಲ್ಲಿ ಇಲ್ಲ, ನನಗೂ ಗೊತ್ತಾಗಲಿಲ್ಲ.

"ಇನ್ನೊಂದ್ಸಲ ಯೋಳೆ ಲಚ್ಚಿ," ಎಂದಳು. "ಆ ಯಪ್ಪಂಗೆ ಸರ್ಯಾಗಿ ಕೇಳಿಸ್ಲಿಲ್ಲ."

ಅವರಿಗೆ ಸರಿಯಾಗಿಯೇ ಕೇಳಿಸಿತ್ತು. ಲಕ್ಷ್ಮಿ ಇನ್ನೊಂದು ಸಲ ಹೇಳಿದಳು.